ಮೂವತ್ತೊಂದನೆಯ ಪ್ರಶ್ನೆ

ಆರು ವರ್ಷ ಅವಳ ಅಕ್ಷರವಷ್ಟೇ ಗೊತ್ತಿತ್ತು ನನಗೆ.
ಕಲಾಮಾದ ಗಣಿಯಿಂದ ಅಂತೊಫಗಾಸ್ತಕ್ಕೆ ರಾತ್ರಿ ಬಸ್ಸಿನಲ್ಲಿ
ಬರುತ್ತಿದ್ದವು ಬಾಟಲಿಗಳು, ಮುಷ್ಟಿಯೊಳಗೆ ಅಡಗುವಂಥವು,
ಒಂದೊಂದರ ಸೊಂಟಕ್ಕೂ ಒಂದು ಚೀಟಿ:
ಲಾರಿ ೨೧೪. ಎಡಗಡೆ ಹಿಂಚಕ್ರದ ಗೇರು.
ಎಣ್ಣೆ ದುಡಿದದ್ದು ನಾನೂರ ಹತ್ತು ಗಂಟೆ.
ತೆಗೆದವರು: ಇ. ಕೋಲ್ಕೆ.

ಉಳಿದವರ ಬರಹ ಕೋಳಿ ಕೆದರಿದ ಹಾಗೆ.
ಅವರ ಎಣ್ಣೆಯೂ ಹಾಗೇ, ತಣ್ಣಗಾದ ಮೇಲೆ
ತಳದ ಬಿರಡೆ ಬಿಚ್ಚಿ ಹಿಡಿದದ್ದು, ಬರೀ ಗಸಿ.
ಇವಳದು ಓಡುತ್ತಿರುವಾಗಲೇ, ನಡುಹರಿವಿನಿಂದ,
ಮೊದಲ ಧಾರೆ ಚೆಲ್ಲಿ ಎರಡನೆಯದನ್ನು ಹಿಡಿದದ್ದು.
ಯಾರೂ ಕಲಿಸಿರಲಿಲ್ಲವಂತೆ.

ಒಮ್ಮೆ ೨೧೪ರ ತಾಮ್ರ ಏರಿತು.
ಹತ್ತು ಲಕ್ಷಕ್ಕೆ ಎಂಟಿದ್ದದ್ದು ಮೂವತ್ತೆಂಟು.
ಕಿಡಿಯಲ್ಲಿ ಸುಟ್ಟರೆ ಹಸಿರು, ಮತ್ತೆ ಸುಟ್ಟರೂ ಹಸಿರು.
"ಬುಷ್ ಸವೆದಿದೆ, ಲಾರಿ ನಿಲ್ಲಿಸಿ" ಎಂದು ಬರೆಯಲು ಕೂತಿದ್ದೆ.
ಚೀಟಿಯ ಅಂಚಿನಲ್ಲಿ, ಯಾವ ಕಲಮಿಗೂ ಸೇರದ ಜಾಗದಲ್ಲಿ,
ಸೀಸದ ಕಡ್ಡಿಯಲ್ಲಿ ಒಂದು ಸಾಲು:
ಮೂರು ದಿನದಿಂದ ಗಾಳಿ. ಬ್ರೀದರ್ ಒಡೆದಿತ್ತು. ಬದಲಿಸಿದ್ದೇನೆ.
ಮತ್ತೆ ನೋಡಿದೆ: ತಾಮ್ರದ ಜೊತೆಗೇ ಸಿಲಿಕಾನ್ ಹತ್ತಿತ್ತು,
ಕಬ್ಬಿಣ ಮಾತ್ರ ಮಲಗಿದ್ದಲ್ಲೇ ಮಲಗಿತ್ತು.
ಅದು ಬುಷ್ಷಿನ ತಾಮ್ರ ಅಲ್ಲ, ಗುಡ್ಡದ್ದು.
ಗುಡ್ಡ ಉಸಿರುಗೊಳವೆಯಿಂದ ಒಳಗೆ ಹೋಗಿತ್ತು.

ಈಗ ಕಂಪನಿಯ ಹೊಸ ನಿಯಮ:
ಸರ್ಟಿಫಿಕೇಟ್ ಇಲ್ಲದವರು ಜನವರಿಯಿಂದ ಗ್ರೀಸ್ ಗನ್ ಮುಟ್ಟಕೂಡದು.
ನಾಲ್ಕು ದಿನ ಪಾಠ, ಐದನೆಯ ದಿನ ಪರೀಕ್ಷೆ,
ನೂರು ಪ್ರಶ್ನೆ, ಮೂರು ಗಂಟೆ, ಎಪ್ಪತ್ತು ಬಂದರೆ ಪಾಸು.
ಲ್ಯಾಬಿನವರು ಕಾವಲಿಗೆ ನನ್ನನ್ನು ಕಳಿಸಿದರು.
ಹಾಜರಿ ಕೂಗಿದೆ: ಎದುವಿನಾ ಕೋಲ್ಕೆ.
ಎದ್ದು ನಿಂತವಳು ನನ್ನ ಭುಜಕ್ಕೂ ಬರದ ಹೆಂಗಸು,
ಐವತ್ತಮೂರು, ಎರಡು ಜಡೆ, ಓದುವ ಕನ್ನಡಕಕ್ಕೆ ದಾರ.

ಪಾಠ ಹೇಳಿದ ನಿಬಾಲ್ದೋ ಒಳ್ಳೆಯ ಮನುಷ್ಯ.
ಕಾದ ತಟ್ಟೆಗೆ ಹನಿ ಎಣ್ಣೆ ಬಿಟ್ಟು, ಕೇಳಿ, ಅಂದನಂತೆ;
ಚಟಪಟ ಅಂದರೆ ನೀರು ಸೇರಿದೆ.
ಇವಳು ನಕ್ಕಳಂತೆ. ಹದಿನೇಳರ ಪ್ರಾಯದಿಂದ
ಬಸ್ ನಿಲ್ದಾಣದಲ್ಲಿ ಸೊಪೈಪಿಯಾ ಕರಿದು ಮಾರಿದವಳು.
ಹಸಿವಿನಿಂದ ಸತ್ತ ಬೇರಿಂಗಿಗಿಂತ
ಗ್ರೀಸು ಗಂಟಲಿಗೆ ತುರುಕಿ ಸತ್ತದ್ದೇ ಹೆಚ್ಚು, ಅಂದಾಗ ಮಾತ್ರ
ಪುಸ್ತಕ ತೆಗೆದು ಬರೆದುಕೊಂಡಳಂತೆ.

ಮೂವತ್ತೊಂದನೆಯ ಪ್ರಶ್ನೆಗೆ ಕೈ ಎತ್ತಿದಳು.
ಬಗ್ಗಿದೆ. "ಎಣ್ಣೆಯಲ್ಲಿ ತಾಮ್ರ ಹೆಚ್ಚಿದರೆ ಏನರ್ಥ?"
ಅ, ಬ, ಕ, ಡ. ಗುಡ್ಡ ಯಾವುದರಲ್ಲೂ ಇರಲಿಲ್ಲ.
"ಯಾವ ತಾಮ್ರ?" ಅಂದಳು, ಮೆಲ್ಲಗೆ.
ಕಾವಲಿನವರು ಮಾತಾಡುವ ಹಾಗಿಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರನ್ನು
ಕಂಡಿದ್ದೇನೆ ಬೇಕಾದಷ್ಟು; ಆ ದಿನ ನಾನೇ ಮುಚ್ಚಿಕೊಂಡೆ.
ಕಿಟಕಿಯಾಚೆ ನೋಡಿದೆ. ಹೊರಗೆ ಗಾಳಿ ಎದ್ದಿತ್ತು.

ಅವಳು ತುಂಬ ಹೊತ್ತು ಸುಮ್ಮನೆ ಕೂತಳು,
ಬೇರಿಂಗಿಗೆ ಸ್ಕ್ರೂಡ್ರೈವರ್ ಹಚ್ಚಿ ಕಿವಿ ಕೊಟ್ಟವರ ಹಾಗೆ.
ಆಮೇಲೆ ಒಂದು ಬಿಲ್ಲೆ ತುಂಬಿದಳು. ಯಾವುದು, ಕಾಣಲಿಲ್ಲ.

ಎಂಬತ್ತನಾಲ್ಕು ಬಂತು. ಸರ್ಟಿಫಿಕೇಟಿನಲ್ಲಿ ಕೋಲ್ಕೆ
ಕೋಲ್ಕಾ ಆಗಿದೆ; ತಿದ್ದಿಸಲು ಅರ್ಜಿ ಹಾಕಿದ್ದಾಳೆ.

ಉತ್ತರ ಪತ್ರಿಕೆಗಳನ್ನು ಲಕೋಟೆಗೆ ಹಾಕುವಾಗ
ಅವಳದ್ದರ ಮೂಲೆಯಲ್ಲಿ ಹೆಬ್ಬೆರಳ ಗುರುತು ಕಂಡೆ.
ಎಷ್ಟು ತೊಳೆದರೂ ಉಗುರಸಂದಿನಲ್ಲಿ ಉಳಿಯುತ್ತದಲ್ಲ, ಆ ಜಿಡ್ಡು.
ಅಷ್ಟಗಲ ಕಾಗದ ಗಾಜಿನಂತೆ ತಿಳಿಯಾಗಿ
ಹಿಂಬದಿಯ ಸಾಲು ತಿರುವುಮುರುವಾಗಿ ಕಾಣುತ್ತಿತ್ತು.
ಬೆಳಕಿಗೆ ಹಿಡಿದೆ. ಅಭ್ಯಾಸ.