ಕಳ್ಳನ ಅಂಗಿ ತುಂಡು

ಮುಧೋಳ ಡಿಪೋದಾಗ ಟಿಕೆಟ್ ಮಷಿನ್ ಒಪ್ಪಿಸಿ
ಚಿಲ್ಲರೆ ಎಣಿಸಿ ಕೊಟ್ಟು
ಬೆರಳು ಮಾತ್ರ ಮನಿಗೆ ತಂದೆ,
ಹತ್ತೂ ಬಾತು, ಹಸಿ ಅರಿಷಿಣ ಕೊಂಬಿನಂಗ.
ನಾಳೆ ಗುರುವಾರ, ನನ್ನ ರಜಾ.
ನಾಳೆ ಸೂಜಿ.

ಮುಂಜಾನೆ ಮುಷ್ಟಿ ಕಟ್ಟಾಕ ಬರೂದಿಲ್ಲ.
ಚಹಾದ ಕಪ್ಪು ಎರಡೂ ಅಂಗೈಯಾಗ ಹಿಡೀತೇನಿ,
ಗುಬ್ಬಿಮರಿ ಹಿಡಿದಂಗ.
ಜಂಪರಿನ ಗುಂಡಿ ಮಗಳು ಹಾಕ್ತಾಳ.
ಮೂರು ವರ್ಷದ ಹಿಂದ ಅಕಿಗೆ ನಾ ಹಾಕ್ತಿದ್ದೆ.

ಈ ಬ್ಯಾನಿಗೊಂದು ಹೆಸರೈತಿ, ಚೀಟಿ ಮ್ಯಾಲ ಬರೆದಾರು,
ನನ್ನ ಬಾಯಾಗ ಅದು ತಿರುಗೂದಿಲ್ಲ.
ಬಾಗಲಕೋಟಿ ಡಾಕ್ಟರಮ್ಮ ಹೇಳಿದ್ದು ಇಷ್ಟು ತಿಳೀತು:
ಮೈ ಕಾಯೋ ಪಡೆ
ಮೈಯನ್ನ ಹೊರಗಿನವರು ಅಂತ ತಿಳದೈತಿ.
ನಾ ಅಂದೆ, ಹಂಗಂದ್ರ ನಮ್ಮ ಕಾಕಾನ ನಾಯಿ.
ಅವರು ಪೆನ್ನು ಕೆಳಗಿಟ್ಟರು. ಯಾವ ನಾಯಿ?

ಬಿಲ್ಲಿನಂಥ ಬೆನ್ನು, ಒಳಗ ಅಂಟಿದ ಹೊಟ್ಟಿ,
ಓಡಿದರ ನೆಳ್ಳು ಹಿಂದ ಉಳೀತಿತ್ತು.
ಹೆಸರು ಸರದಾರ. ಆರು ವರ್ಷ ಕುರಿಹಟ್ಟಿ ಕಾದದ್ದು.
ಒಂದು ರಾತ್ರಿ ಕಾಕು ಗುಳೇದಗುಡ್ಡದಿಂದ
ತವರಿನ ಹೊಸ ಸೀರಿ ಉಟ್ಟು ಬಂದಳು.
ಕರೆಂಟ್ ಇರಲಿಲ್ಲ.
ದಿನಾ ನುಚ್ಚು ಹಾಕೋ ಕೈ,
ಅದ ಕೈ ಹಿಡೀತು.

ಕಾಕಾ ಬಡಿಗಿ ಎತ್ತಿದ.
ಕಾಕು ರಕ್ತ ಸುರಿಯೋ ಕೈಯಾಗ ಅಡ್ಡ ನಿಂತಳು:
ಇದನ್ನ ಕೊಂದರ, ನಾಳೆ ತೋಳ ಬಂದರ
ನೀ ಬೊಗಳತೀ ಏನು?

ಸರಪಳಿ ಹಾಕಿದರು.

ನನ್ನ ಸರಪಳಿ, ಐತವಾರಕ್ಕೊಮ್ಮೆ ಆರು ಹಳದಿ ಗುಳಗಿ.
ಗುಳಗಿ ನುಂಗಿದರ ನಾಯಿ ತೂಕಡಸತೈತಿ.
ಅದು ತೂಕಡಿಸಿದಾಗ
ಲೋಕಾಪುರ ಗಾಡಿಯಾಗ ನಿಂತವರ ಕೆಮ್ಮೆಲ್ಲಾ
ನನ್ನ ಕುತ್ತಿಗಿ ಮ್ಯಾಲ.
ಹೋದ ವರ್ಷ ಮೂರು ವಾರ ಜ್ವರ, ಅರ್ಧ ಪಗಾರ.

ಲಸಿಕಿ ಅಂದಕೂಡಲೆ ಊರೆಲ್ಲಾ ಡಾಕ್ಟರ್ ಆತು.
ಡ್ರೈವರ್ ಸಂಗನಬಸು ಅಂದ:
ಮಲಗಿದ್ದನ್ನ ಕೆಣಕಬ್ಯಾಡಕ್ಕ.
ಎರಡು ತಿಂಗಳು ಕೆಣಕಲಿಲ್ಲ.
ಆಮ್ಯಾಲ ಡಾಕ್ಟರಮ್ಮ ನನ್ನ ನಾಯಿನ್ನ ನನಗ ತಿರುಗಿ ಕೊಟ್ಟರು:
ಇದು ಕಳ್ಳ ಅಲ್ಲವಾ, ಕಳ್ಳನ ಅಂಗಿ ತುಂಡು.
ಮೂಸಿಸಿ ಇಡೂದು. ಬಂದಾಗ ಗುರುತು ಹಿಡೀಲಿ.
ಎರಡು ಐತವಾರ ಗುಳಗಿ ಬಿಡು,
ಮೂಸಾಕ ಎಚ್ಚರ ಬೇಕಲ್ಲ.

ನನ್ನ ಕಚ್ಚೂದಿಲ್ಲಂತ ಬರೆದು ಕೊಡ್ರಿ ಅಂದೆ.
ಬರೆದು ಕೊಡಾಕ ಬರೂದಿಲ್ಲ ಅಂದರು.
ಎರಡು ದಿನ ಗುರ್ ಅನಬಹುದು.
ಆ ಮಾತಿಗೇ ನಾ ಒಪ್ಪಿದ್ದು.

ಸರಕಾರಿ ದವಾಖಾನಿಯಾಗ ಸಾಲು.
ಸಿಸ್ಟರ್ ಶಾಹಿದಾ, ನನ್ನ ಗಾಡಿಯ ಗಿರಾಕಿ,
ಎಂದೂ ಚಿಲ್ಲರೆ ತರದಾಕಿ,
ಮುಂದ ಸರೀರಿ, ಮುಂದ ಸರೀರಿ ಅಂದಳು,
ನನ್ನ ಮಾತು ನನಗ.
ಎಡಗೈನೋ ಬಲಗೈನೋ?
ಎಡಗೈ. ಬಲಗೈ ಸರಕಾರದ್ದು.
ನಕ್ಕಳು. ನಗೂದರಾಗ ಚುಚ್ಚಿ ಮುಗದಿತ್ತು.
ಗುಂಡಿ ಹಾಕಾಕ ಬೆರಳು ಬಗ್ಗಲಿಲ್ಲ,
ಕೇಳದ ಅಕೀನ ಹಾಕಿದಳು.
ಎರಡು ರೂಪಾಯಿ ಬಾಕಿ ಐತಿ ನಿಂದು ಅಂದೆ.

ರಾತ್ರಿ ಮೈ ಕೆಂಡ.
ಮಣಿಕಟ್ಟು, ಮೊಣಕಾಲು ಒಂದೊಂದಾಗಿ ಎದ್ದು ಕುಂತವು.
ಮೂರು ಗಂಟೆಗೆ ನಾ ಗ್ವಾಡಿಗೆ ಒರಗಿ
ಒಳಗಿನ ಗುರ್ ಗುರ್ ಕೇಳಿದೆ,
ತುಂಡಿಗೋ, ನನಗೋ?
ತಿಳೀಲಿಲ್ಲ.

ಕಾಕುನ ಕೈ ಮಾಯಿತು, ಎರಡು ಬೆರಳು ಸೆಟದ ಉಳದವು.
ಸರದಾರ ಸಾಯೂತನಕ ಅಕೀನ ನುಚ್ಚು ಹಾಕಿದಳು.
ಹಾಕೋ ಮೊದಲು, ದಿನಾ,
ಸೆರಗಿನ ಚುಂಗು ಮೂಸಾಕ ಕೊಡತಿದ್ದಳು.

ಕತ್ತಲಾಗ ಬಾತ ಬೆರಳು ಎದಿ ಮ್ಯಾಲ ಇಟ್ಟು
ನಾನೂ ಹೇಳಿದೆ, ಮಗಳಿಗೆ ಎಚ್ಚರಾಗದಂಗ:
ನಾ ಅದೇನಿ, ಸರದಾರ.
ಮನಿಯಾಕಿ.

ಬೊಗಳಲಿಲ್ಲ.
ನಿದ್ದಿ ಹತ್ತಿತೋ, ಕೇಳಾಕತ್ತಿತ್ತೋ.
ಐದೂವರಿಗೆ ಜಮಖಂಡಿ ಗಾಡಿ.