ಅಕೀ, ಅಲ್ಲಿ

ಕಾರಟಗಿ ರಸ್ತೆಯ ಎಡಮಗ್ಗುಲು ಈ ವಾರ ಪೂರ್ತಿ ನಮ್ಮದು.
ಮಿಲ್ಲಿನ ಭತ್ತ ಹರವಿದ್ದೇವೆ. ಗಂಗಾವತಿ ಬಸ್ಸುಗಳು
ಬೈದುಕೊಂಡೇ ಬಲಕ್ಕೆ ಸರಿಯುತ್ತವೆ.
ಅವ್ವ ಬರಿಗಾಲಲ್ಲಿ ಸಾಲು ಎಳೆಯುತ್ತಾ ಹೋಗುತ್ತಾಳೆ,
ಹಿಂದೆ ನಾನು, ತೇವದ ಮೀಟರು ಹಿಡಿದು.
ಹದಿನೇಳೂವರೆ, ಅನ್ನುತ್ತೇನೆ.
ಅವಳು ಒಂದು ಕಾಳು ಹಲ್ಲಿಗಿಟ್ಟು ಕಡಿದು
‘ಇನ್ನೊಂದ್ ಬಿಸಲು ಬೇಕು’ ಅನ್ನುತ್ತಾಳೆ.
ಎರಡೂ ಒಂದೇ ಮಾತು.
ನನ್ನದಕ್ಕೆ ಬ್ಯಾಟರಿ ಬೇಕು.

ಇಂಥದೇ ಮೀಟರು ಹಿಡಿದು ನಾಲ್ಕು ತಿಂಗಳು
ಇಕ್ವೆಡಾರಿನ ದೌಲೆ ಎಂಬ ಊರಲ್ಲಿ ನಿಂತಿದ್ದೆ.
ಇಂಟರ್ನ್‌ಶಿಪ್ ಎಂದರೇನೆಂದು ಅವ್ವ ಓಣಿಗೆಲ್ಲ ಹೇಳಿದ್ದಳು:
‘ಪಗಾರ ಇಲ್ಲ, ಊಟ ಐತಿ, ಕೆಲಸ ಕಲಸ್ತಾರ.’
‘ಹಂಗಾದ್ರ ಸೊಸಿತನ ಅನ್ನು’
ಎಂದಳಂತೆ ಎದುರುಮನೆಯ ಫಕೀರಮ್ಮ.

ಕೊರಳಿಗೆ ತೂಗಿದ ಚೀಟಿಯಲ್ಲಿ ಹುಲಿಗೆಮ್ಮ ಎಂದೇ ಇತ್ತು,
ಅವರ ಅಕ್ಷರಗಳಲ್ಲಿ.
ಆದರೆ ಅವರ ಬಾಯಲ್ಲಿ ಮೊದಲಿನ ಹಕಾರಕ್ಕೆ ಉಸಿರಿಲ್ಲ,
ನಡುವಿನ ಗೆ ಜಾರಿ ಹೆ ಆಗುತ್ತದೆ.
ಉಲಿಹೆಮಾ!
ಹುಲಿ ಹೋಯಿತು, ಉಲಿ ಉಳಿಯಿತು,
ಅದೂ ಮಾತೇ ಬಾರದೆ ಕತ್ತು ಆಡಿಸುತ್ತಿದ್ದವಳಿಗೆ.

ಭತ್ತ ಒಣಗಿಸುವ ಗೋಪುರದ ಮೇಸ್ತ್ರಿ ದೋನ್ ಎಲಾದಿಯೋ
ಮೊದಲ ದಿನವೇ ಕೂಗಿದ: ಅಕೀ! ಅಕೀ!
ಓಡಿಹೋಗಿ ಬೊಗಸೆಯಲ್ಲಿ ಅಕ್ಕಿ ತಂದೆ.
ತಲೆಯಾಡಿಸಿ ಮತ್ತೆ ಕೂಗಿದ.
ಪಾಲಿಶ್ ಆಗಿದ್ದು ಬೇಡವೇನೋ ಎಂದು ಕೆಂಪಕ್ಕಿ ತಂದೆ.
ಮೂರನೆಯ ಸಲ, ನುಚ್ಚು.
ಆಗ ಅವನು ನನ್ನ ತೋಳಿನ ಬಟ್ಟೆಯ ತುದಿ ಹಿಡಿದು
ಯಂತ್ರದ ಎದುರು ಒಂದು ಜಾಗದಲ್ಲಿ ನಿಲ್ಲಿಸಿ
ನೆಲಕ್ಕೆ ಬೆರಳು ತೋರಿಸಿದ. ಅಕೀ.
ಇಲ್ಲಿ.
ಕಾಲ ಬಳಿ ಮೂರು ಸಣ್ಣ ಗುಡ್ಡೆ.
ಮುದುಕನ ನಗು ಗೋಪುರದ ಒಳಹೊಕ್ಕು
ಬಹಳ ಹೊತ್ತಿನ ಮೇಲೆ ಹೊರಗೆ ಬಂತು.

ಇನ್ನೊಂದು ಶಬ್ದ ಸಿಕ್ಕಿದ್ದು ಮಳೆಯ ಒಂದು ಮಧ್ಯಾಹ್ನ.
ಅಲ್ಲಿ ಮಳೆ ಬೆಚ್ಚಗೆ ಬರುತ್ತದೆ,
ಎರೆದುಕೊಳ್ಳುವಾಗಿನ ಕಡೆಯ ತಂಬಿಗೆಯ ಹಾಗೆ.
ಬರೆಯುವುದು ಅಲ್ಲಿ ಎಂದು,
ಓದುವುದು ಅಯೀ ಎಂದು,
ಅರ್ಥವೋ, ಅಲ್ಲಿ.
ಯಾರು ಯಾರಿಗೆ ಕೈಗಡ ಕೊಟ್ಟದ್ದು?
ಯಾರೂ ಯಾರಿಗೂ ಅಲ್ಲ, ಎಂದರು ತಿಳಿದವರು.
ಆ ದಿನ ನಾನು ನಾಲ್ಕು ಸಲ ‘ಅಲ್ಲಿ’ ಎಂದು ಬರೆದು
ಗಂಗಾವತಿಗೆ ಒಂದು ಸಲವೂ ಫೋನು ಮಾಡಲಿಲ್ಲ.

ಎಲಾದಿಯೋನ ಹೆಂಡತಿ ನಾರ್ಸಿಸಾ
ಪಾತ್ರೆಯ ತಳ ಕೆರೆದು, ಸೀದ ಅನ್ನದ ಹಕ್ಕಳೆಯನ್ನು
ಮಕ್ಕಳ ಕೈಗೆ ಹೊಡೆದು, ನನ್ನ ತಟ್ಟೆಗೆ ಹಾಕಿದಳು.
ಕೊಕೊಲೋನ್, ಅಂದಳು. ಅತಿಥಿಯ ಪಾಲು.
ನಮ್ಮ ಮನೆಯಲ್ಲಿ ಅದು ಅವ್ವನದು.
ಬಿಳಿಯದೆಲ್ಲ ನಮಗೆ ಬಡಿಸಿ,
ಗೋಡೆಗೆ ಮುಖ ಮಾಡಿ ಕೂತು ತಿನ್ನುವುದು ಅವಳ ಹಣೆಬರಹ
ಎಂದೇ ತಿಳಿದಿದ್ದೆ.
ಕರುಮ್ ಎಂದು ಕಡಿದೆ. ಗಂಟಲಿಗೆ ಇಳಿಯಲಿಲ್ಲ.
ಖಾರ ಹೆಚ್ಚಾಯಿತೇ ಎಂದು ನಾರ್ಸಿಸಾ ನೀರು ಕೊಟ್ಟಳು.
ಖಾರವೇ ಇರಲಿಲ್ಲ.

ನಿನ್ನೆ ರಾತ್ರಿ ಅನ್ನ ತಳ ಹಿಡಿಯಿತು.
ಇಷ್ಟು ದಿನದ ಬಾಕಿ ತೀರಿಸುವವಳ ಹಾಗೆ
‘ಆ ಹಕ್ಕಳಿ ನನಗ ಕೊಡಬೇ’ ಎಂದು ತಟ್ಟೆ ಚಾಚಿದೆ.
ಕೊಡಲಿಲ್ಲ.
‘ಏ, ಅದು ನಂದು’ ಎಂದು ಪಾತ್ರೆ ಹಿಂದಕ್ಕೆ ಎಳೆದುಕೊಂಡಳು.
ಅವಳಿಗೆ ಅದು ಇಷ್ಟವಂತೆ. ಸಣ್ಣವಳಿದ್ದಾಗಿಂದಲೂ.
ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಉಂಡೆ,
ಇದೊಂದು ನಾನು ಕೇಳಿರಲೇ ಇಲ್ಲ.

ಬಿಸಿಲು ಇಳಿಯಿತು. ರಸ್ತೆಯ ಭತ್ತ ಬಳಿಯುತ್ತಿದ್ದೇವೆ.
ಲಾರಿ ಬಂತು. ತೂಕದ ಗವಿಸಿದ್ಧಪ್ಪ
ಕಿವಿಯ ಪೆನ್ನು ತೆಗೆದು ಕೇಳಿದ: ‘ಚೀಲ ಎಲ್ಲಿ ಒಟ್ಟಲೆವಾ?’
ನೆಲಕ್ಕೆ ಬೆರಳು ತೋರಿಸಿ
ಬಾಯಿ ತಪ್ಪಿ ಅಂದೆ: ಅಕೀ.
ಅವನು ಚೀಟಿಯಲ್ಲಿ ‘ಅಕ್ಕಿ’ ಎಂದು ಬರೆದುಕೊಂಡ.

ಭತ್ತ, ಅಣ್ಣ.
ಇನ್ನೂ ಭತ್ತ.