ಮೂರೂವರೆ ಗಂಟೆ

ಸೋಲ್‌ನಲ್ಲಿ ಹತ್ತು ಹೊಡೆದಾಗ
ಬೈತಖೋಲದಲ್ಲಿ ಆರೂವರೆ.
ಟ್ರಾಲರುಗಳು ಡೀಸೆಲು ಕೆಮ್ಮುವ ಹೊತ್ತು,
ಐಸ್ ಪ್ಲಾಂಟಿನಲ್ಲಿ ಗಡ್ಡೆ ಒಡೆಯುವ ಹೊತ್ತು.
ಅದಕ್ಕೇ ಹದಿನೇಳು ದಿನದಿಂದ ನನ್ನ ತಾಲೀಮು
ನಾಲ್ಕೂವರೆಗೆ, ಅಡುಗೆಮನೆಯಲ್ಲಿ,
ಮೇಲೆ ನೀಲಿ ಕೋಟು, ಕೆಳಗೆ ನೈಟಿ.

ಪರೀಕ್ಷಕ ಅಪ್ಪ.
ಪುರ್ಸು ತಾಂಡೇಲ, ಏಳನೇ ಇಯತ್ತೆ.
ರಾಂಪಣಿ ಇದ್ದಾಗ ದಂಡೆಯ ಬಂಡೆ ಹತ್ತಿ
ಎಂಬತ್ತು ಜನರಿಗೆ ಟುವಾಲು ಬೀಸಿದವ.
ನಾನು ಬರೆದುಕೊಟ್ಟ ಪ್ರಶ್ನೆಗಳನ್ನು
ಹಾಳೆ ದೂರ ಹಿಡಿದು, ತನ್ನ ಮಾತಿಗೆ ತಿರುವಿ ಕೇಳುತ್ತಾನೆ:
"ನಿನ್ನ ಮಾತು ಕೇಳಲೇಬೇಕೆಂದಿಲ್ಲದವರ ಹತ್ತಿರ
ಕೆಲಸ ತೆಗೆದದ್ದು ಯಾವಾಗ?"

ವೆರ್ಣಾದ ಕಾರ್ಖಾನೆ, ಕರೆಂಟು ಮೀಟರಿನ ಸಾಫ್ಟ್‌ವೇರು,
ಮೂರು ತಂಡ, ಹನ್ನೊಂದು ವಾರ,
ಬರಬೇಕಿದ್ದ ಚಿಪ್ಪು ಬರಲಿಲ್ಲ,
ನಾವು ಕೂತೆವು, ನಾವು ದಾರಿ ಬದಲಿಸಿದೆವು...
"ನಾವು ಅಂದರೆ ಯಾರು?"
ಹಾಳೆಯ ಮೂಲೆಯಲ್ಲಿ ನಾನೇ ಕೆಂಪಲ್ಲಿ ಗೀಚಿದ್ದೆ:
'ನಾವು' ಎಂದರೆ ತಡೆ, 'ನಾನು' ಅನ್ನಿಸು.
ತಡೆದವನೇ ಅಪ್ಪ ತಲೆ ಕೆರೆದುಕೊಂಡ.
"ಬಲೆ ಎಳೆದವ ನಾನು ಅಂತ ಒಬ್ಬ ಅಂದರೆ
ದಂಡೆಯೆಲ್ಲ ನಗುತ್ತಿತ್ತು ಮಾರಾಯ್ತಿ."

ಕೊರಿಯನ್ ಪುಸ್ತಕದ ಮೂರನೇ ಪಾಠದಲ್ಲಿ
'ನಮ್ಮ' ಎನ್ನುವುದಕ್ಕೆ 'ಉರಿ'.
ನಮ್ಮನೆ, ನಮ್ಮಮ್ಮ, ನಮ್ಮ ಕಂಪನಿ, ಎಲ್ಲವೂ ಉರಿ.
ಒಬ್ಬಳೇ ಮಗಳಾದರೂ 'ನನ್ನಮ್ಮ' ಅನ್ನುವುದಿಲ್ಲವಂತೆ.
ಹಾಗಿದ್ದರೆ ಆ ಕೋಣೆಯಲ್ಲಿ
ಎಷ್ಟು ನಾನು, ಎಷ್ಟು ನಾವು?
ಪುಸ್ತಕ ಹೇಳಲಿಲ್ಲ.
ಹೊಟ್ಟೆಯಲ್ಲಿ ಮಾತ್ರ ಕನ್ನಡದ ಉರಿ.

'ನುಂಚಿ' ಅಂತ ಇನ್ನೊಂದಿದೆ:
ಎದುರಿನವರು ಹೇಳದೆ ಬಿಟ್ಟದ್ದನ್ನು ಕಣ್ಣಲ್ಲೇ ಅಳೆಯುವುದು.
"ಅದಕ್ಕೆ ಶಬ್ದ ಬೇರೆ ಬೇಕೆ?
ನಾ ಬಂದೆ ಅಂತ ಬಂಗಡೆ ಕೂಗುತ್ತಿತ್ತೇನು?
ಕೂರ್ಮಗಡದ ಬಲಕ್ಕೆ ನೀರು
ಒಂದು ಚೂರು ಕಪ್ಪಗಾಗುತ್ತಿತ್ತು, ಅಷ್ಟೇ."

ಬುಟ್ಟಿ ಹೊತ್ತು ಹೊರಟ ಶೇವಂತಿ ಮಾವಶಿ
ಬಾಗಿಲಲ್ಲೇ ನಿಂತು ಕೇಳಿದಳು:
"ಯಾವ ಕೊರಿಯಾ? ಬಾಂಬಿನದ್ದೋ, ಮೊಬೈಲಿನದ್ದೋ?"

ಸೊಸೈಟಿ ಕ್ಯಾಲೆಂಡರಿನ ಹಿಂಬದಿಗೆ ನನ್ನ ರಿಸ್ಕ್ ಪಟ್ಟಿ.
ಹೆಸ್ಕಾಂ: ಸಾಧ್ಯತೆ ಹೆಚ್ಚು, ಪೆಟ್ಟು ಹೆಚ್ಚು.
ಪರ್ಯಾಯ: ಪಕ್ಕದ ಫ್ರಾನ್ಸಿನ್ ಬಾಯಿಯ ಇನ್ವರ್ಟರ್.
ಮೀನಿನ ರಿಕ್ಷಾಗಳ ಹಾರ್ನು: ಕಿಟಕಿ ಮುಚ್ಚುವುದು.
ಅಪ್ಪನ ಕೆಮ್ಮು:
ಎದುರಿಗೆ ಏನೂ ಬರೆಯಲಾಗಲಿಲ್ಲ.

ಕೊನೆಯ ಪ್ರಶ್ನೆ, "ಸೋತ ಕತೆ ಹೇಳು."
ಬಾಯಿಪಾಠ ಇತ್ತು. ಎರಡು ನಿಮಿಷ,
ತುದಿಯಲ್ಲಿ ಕಲಿತ ಪಾಠ.
ಪೂರ್ತಿ ಕೇಳಿ ಅಪ್ಪ ಅಂದ,
"ಸೋಲಿಗೆ ಪೌಡರು ಹಚ್ಚಿ ತಂದಿದ್ದೀಯ."

ಚಾ ಆರಿತು. ಆಮೇಲೆ ತಾನಾಗಿಯೇ ಶುರುಮಾಡಿದ.
ಒಂದು ಕಾರ್ತಿಕದಲ್ಲಿ ಟುವಾಲು ಬೀಸಿದ್ದೆ.
ಮೀನಲ್ಲ ಅದು, ಮೋಡದ ನೆರಳು.
ಎಂಬತ್ತು ಜನ ಮಧ್ಯಾಹ್ನದ ತನಕ ಎಳೆದರು.
ಬಂದದ್ದು ಪಾಚಿ, ಲೋಳೆಮೀನು, ಒಂದು ಚಪ್ಪಲಿ.
ಯಾರೂ ಏನೂ ಅನ್ನಲಿಲ್ಲ.
ಮರುದಿನ ಬಂದವರು ಎಪ್ಪತ್ತೆಂಟು.
"ಬಾರದ ಇಬ್ಬರು?"
"ಗಣಪು. ಮತ್ತೆ ನಾಗೇಲಿಯ ಮೈದುನ ಶಾಣು."
ನಿನ್ನೆ ಎಣಿಸಿದವನ ಹಾಗೆ ಹೇಳಿದ.

"ಅದರಿಂದ ಏನು ಕಲಿತಿರಿ?"
ಸೋಲ್‌ನವರ ದನಿ ಮಾಡಿ ಕೇಳಿದೆ.
ಹಾಳೆ ಮಡಚಿ ನನ್ನ ಕೈಗಿಟ್ಟ.
"ಕೋಟು ತೆಗೆ. ತೋಳು ಮುದುಡಿದೆ, ಇಸ್ತ್ರಿ ಹಾಕು."

ಇವತ್ತು ನಿಜದ್ದು.
ಆರು ಇಪ್ಪತ್ತೆಂಟು. ಪರದೆಯಲ್ಲಿ ನನ್ನದೇ ಮುಖ,
ಕೆಳಗೆ ಒಂದು ಸಾಲು: ದಯವಿಟ್ಟು ಕಾಯಿರಿ,
ನಿಮ್ಮನ್ನು ಒಳಗೆ ಬಿಡಲಾಗುವುದು.
ಪೌಡರಿನ ಕತೆ ಹೇಳಲೋ, ಚಪ್ಪಲಿಯದ್ದೋ,
ಇನ್ನೂ ಗೊತ್ತಿಲ್ಲ.
ಮುಚ್ಚಿದ ಕಿಟಕಿಯ ಗಾಜಿನಾಚೆ, ರಸ್ತೆಯ ತಿರುವಿನಲ್ಲಿ,
ಕೆಮ್ಮನ್ನು ಬಾಯೊಳಗೇ ಹಿಡಿದ ಅಪ್ಪ
ಬಂದರಿನಿಂದ ಬರುವ ರಿಕ್ಷಾ ರಿಕ್ಷಾಕ್ಕೂ
ಟುವಾಲು ಬೀಸುತ್ತಿದ್ದಾನೆ:
ಹಾರ್ನು ಬೇಡ, ಹಾರ್ನು ಬೇಡ.